ಪ್ರತಿಭೆಯಲ್ಲಿ ಅನುಗ್ರಹದ ಗುರುತು

ಮನುಷ್ಯನ ಗುಣದಲ್ಲಿ, ಪ್ರತಿಭೆಯಲ್ಲಿ ದೈವಾನುಗ್ರಹವನ್ನು ಕಾಣುವ ದೃಷ್ಟಿಗೆ ಭಗವದ್ಗೀತೆಯ ಎರಡು ಅಧ್ಯಾಯಗಳು ಮುಖ್ಯ ಆಧಾರ. ಎಲ್ಲೆಲ್ಲಿ ಐಶ್ವರ್ಯ, ಕಾಂತಿ, ಬಲಗಳು ಎದ್ದು ಕಾಣುತ್ತವೆಯೋ ಅದೆಲ್ಲ ಭಗವಂತನ ತೇಜಸ್ಸಿನ ಅಂಶ ಎಂದು ಹತ್ತನೆಯ ಅಧ್ಯಾಯ ಹೇಳುತ್ತದೆ. ಹದಿನಾರನೆಯದು ದೈವೀ ಸಂಪತ್ತಿನ ಗುಣಗಳನ್ನು ಎಣಿಸುತ್ತದೆ. ಆ ಎಣಿಕೆ ಅಭಯದಿಂದ ತೊಡಗಿ, ತಾನೇ ದೊಡ್ಡವನೆಂಬ ಭಾವವಿಲ್ಲದಿರುವುದರಲ್ಲಿ ಮುಗಿಯುತ್ತದೆ. ಎರಡನ್ನೂ ಕೂಡಿಸಿ ಓದಿದಾಗಲೇ ವಿಷಯ ತಿಳಿಯಾಗುವುದು. ಶಕ್ತಿ ಎಲ್ಲಿದ್ದರೂ ಅದರ ಮೂಲ ದೈವವೇ. ಆದರೆ ಶಕ್ತಿ ಪಡೆದವನು ಅನುಗ್ರಹಕ್ಕೂ ಪಾತ್ರನೋ ಎಂಬುದು ಅವನ ನಡತೆಯಲ್ಲಿ ಗೊತ್ತಾಗಬೇಕು. ರಾವಣನಿಗೆ ವೇದವಿದ್ಯೆ ಇತ್ತು, ಬ್ರಹ್ಮನ ವರವೂ ಇತ್ತು. ಆದರೂ ಅವನನ್ನು ದೈವೀ ಸಂಪತ್ತಿನವನೆಂದು ಯಾರೂ ಕರೆಯಲಿಲ್ಲ.

ಕಾವ್ಯಮೀಮಾಂಸೆಯೂ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದೆ. ಹುಟ್ಟಿನಿಂದ ಬಂದ ಪ್ರತಿಭೆ, ನಿರ್ಮಲವಾದ ಪಾಂಡಿತ್ಯ, ಬಿಡದ ಅಭ್ಯಾಸ ಇವು ಕಾವ್ಯಕ್ಕೆ ಕಾರಣವೆಂದು ದಂಡಿಯ ‘ಕಾವ್ಯಾದರ್ಶ’ ಹೇಳುತ್ತದೆ. ಪೂರ್ವಜನ್ಮದ ಸಂಸ್ಕಾರ ಇಲ್ಲದಿದ್ದರೂ ಓದಿನಿಂದ, ಯತ್ನದಿಂದ ಸೇವಿಸಿದವನಿಗೆ ಸರಸ್ವತಿ ಸ್ವಲ್ಪವಾದರೂ ಅನುಗ್ರಹ ಮಾಡಿಯೇ ತೀರುತ್ತಾಳೆ ಎಂದೂ ಸೇರಿಸುತ್ತದೆ. ಅನುಗ್ರಹವನ್ನು ಹುಟ್ಟಿನ ಭಾಗ್ಯಕ್ಕಷ್ಟೇ ಕಟ್ಟಿಹಾಕದ ಈ ಮಾತು ಬಹಳ ದೊಡ್ಡದು.

ಕನ್ನಡದಲ್ಲಿ ಪ್ರತಿಭೆಯೂ ಅದು ಅನುಗ್ರಹವೆಂಬ ಅರಿವೂ ಒಟ್ಟಿಗೆ ಇದ್ದುದಕ್ಕೆ ಹತ್ತಿರದ ನಿದರ್ಶನ ಕುಮಾರವ್ಯಾಸ. ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ, ಬೇರೆಯವರ ರೀತಿಯನ್ನು ಎರವಲು ಪಡೆಯದೆ ಬರೆಯುವುದು ತನ್ನ ಅಗ್ಗಳಿಕೆ ಎಂದು ಅವನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾನೆ. ಅದೇ ಉಸಿರಿನಲ್ಲಿ ತಾನು ಗದುಗಿನ ವೀರನಾರಾಯಣನ ಕಿಂಕರ ಎನ್ನುತ್ತಾನೆ. ಕವಿ ಆ ದೇವರೇ, ತಾನು ಬರೆದುಕೊಂಡವನು ಮಾತ್ರ ಎಂದೂ ಒಪ್ಪಿಸಿಬಿಡುತ್ತಾನೆ. ತನ್ನ ಶಕ್ತಿಯನ್ನು ಅಲ್ಲಗಳೆಯುವುದು ವಿನಯವಲ್ಲ, ಅದು ಯಾರದೆಂದು ಬಲ್ಲವನಾಗಿರುವುದು ವಿನಯ.

ದಾಸಪರಂಪರೆಯಲ್ಲಿ ಪ್ರತಿಭೆಯಲ್ಲಿನ ಅನುಗ್ರಹವನ್ನು ಗುರುತಿಸುವುದು ಗುರುವಿನ ಕೆಲಸ. ಕೀರ್ತನೆಗೆ ಮುದ್ರೆಯಾಗುವ ಅಂಕಿತವನ್ನು ಕೊಡುವುದು ಅವನೇ. ಕೀರ್ತನೆಯ ಕೊನೆಯಲ್ಲಿ ನಿಲ್ಲುವುದು ಹಾಡಿದವನ ಹೆಸರಲ್ಲ, ಹರಿಯ ಹೆಸರು. ಇದಕ್ಕೊಂದು ನಿದರ್ಶನವುಂಟು. ಮಾನ್ವಿ ಸೀಮೆಯ ಶ್ರೀನಿವಾಸಾಚಾರ್ಯರು ಸಂಸ್ಕೃತದ ಘನವಿದ್ವಾಂಸರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಪ್ರಸಾದಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿದರು, ಆ ನೋವು ನಿಜವಾಗಿಯೇ ಬಂದು ಕಾಡಿತು ಎಂದು ಸಂಪ್ರದಾಯ ಹೇಳುತ್ತದೆ. ಕೊನೆಗೆ ವಿಜಯದಾಸರಿಗೇ ಶರಣಾದಾಗ ಅವರು ಶಿಷ್ಯ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲೇ 40 ವರ್ಷ ಧಾರೆಯೆರೆದು ಉಳಿಸಿದರಂತೆ. ಪಾಂಡಿತ್ಯ ಮೊದಲೇ ಇತ್ತು, ಅಂಕಿತ ಸಿಕ್ಕಿದ್ದು ಗರ್ವ ಕಳೆದ ಮೇಲೆ. ಹೀಗೆ ಜಗನ್ನಾಥದಾಸರಾದ ಅವರು ಮಧ್ವಸಿದ್ಧಾಂತವನ್ನು ಭಾಮಿನಿ ಷಟ್ಪದಿಯ ಕನ್ನಡಕ್ಕೆ ಇಳಿಸಿ ‘ಹರಿಕಥಾಮೃತಸಾರ’ ಬರೆದರು. ಇಂದಿಗೂ ಮಠಗಳಲ್ಲಿ, ಮನೆಗಳಲ್ಲಿ ಅದರ ಪಾರಾಯಣ ನಡೆಯುತ್ತದೆ.