ಹೆಬ್ಬೆಟ್ಟಿನ ಮಾನ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ವಿದ್ವಾಂಸರು ನಾಡುನುಡಿಯ ವಿಚಾರ ಹೇಳುವುದು ವಾಡಿಕೆ. ಬ್ಯಾಂಕಿನ ಗುಮಾಸ್ತನಾದ ನಾನು ಅಷ್ಟು ದೂರ ಹೋಗಲಾರೆ. ದಿನವೂ ಕೌಂಟರಿನ ಹಿಂದೆ ಕುಳಿತು ನೋಡುವ ಒಂದು ಚಿಕ್ಕ ವಸ್ತುವಿನ ಬಗ್ಗೆ ನಾಲ್ಕು ಮಾತು ಹೇಳಿ ಕುಳಿತುಕೊಳ್ಳುತ್ತೇನೆ. ಅದು ತಮ್ಮೆಲ್ಲರ ಕೈಯಲ್ಲಿಯೇ ಇದೆ. ಅದೇ ಹೆಬ್ಬೆಟ್ಟು.

ಹೆಬ್ಬೆಟ್ಟು ಎಂದರೆ ನಮ್ಮಲ್ಲಿ ಬಹುಕಾಲ ಹೀನಾಯದ ಮಾತಾಗಿತ್ತು. ಓದು ಬಾರದವನನ್ನು ಊರಿನಲ್ಲಿ ‘ಹೆಬ್ಬೆಟ್ಟು’ ಎಂದರು. ಮುಂಬಯಿಗೆ ಬಂದರೆ ‘ಅಂಗಠಾಛಾಪ್’ ಎಂದರು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತ ನಮ್ಮ ಹಿರಿಯರಿಗೆ, ತಮ್ಮ ಹೆಸರನ್ನು ತಾವೇ ಬರೆಯುವುದು ಒಂದು ಪದವಿಯೇ ಆಗಿತ್ತು. ಇಂದು ನೋಡಿ, ಡಾಕ್ಟರರೂ ವಕೀಲರೂ ಮನೆ ಕೊಂಡಾಗ ನೋಂದಣಿ ಕಚೇರಿಯಲ್ಲಿ ಸಾಲಾಗಿ ನಿಂತು ಹೆಬ್ಬೆಟ್ಟು ಒತ್ತುತ್ತಾರೆ!

ಬೆರಳ ಗುರುತು ಎಂದೊಡನೆ ನಮಗೆ ಕಳ್ಳರೂ ಪೊಲೀಸರೂ ನೆನಪಾಗುತ್ತಾರೆ. ಆದರೆ ಅದು ಮೊದಲು ಬಂದದ್ದು ಕಾಗದಪತ್ರದ ವ್ಯವಹಾರಕ್ಕೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿಯು ರಸ್ತೆಯ ಸಾಮಗ್ರಿಗೆ ರಾಜ್ಯಧರ ಕೋನಾಯಿ ಎಂಬವನೊಡನೆ ಕರಾರು ಮಾಡಿಕೊಂಡನು. ನಾಳೆ ‘ಈ ಸಹಿ ನನ್ನದಲ್ಲ’ ಎಂದು ಬಿಟ್ಟಾನೆಂದು ಆ ಕಾಗದದ ಮೇಲೆ ಅವನ ಅಂಗೈಯ ಅಚ್ಚನ್ನೇ ಒತ್ತಿಸಿಕೊಂಡನು. ಮುಂದೆ 1877ರಲ್ಲಿ ಹೂಗ್ಲಿಯಲ್ಲಿ ದಸ್ತಾವೇಜುಗಳ ನೋಂದಣಿಗೂ ಪಿಂಚಣಿದಾರರ ಗುರುತಿಗೂ ಬೆರಳಿನ ಅಚ್ಚನ್ನು ಬಳಕೆಗೆ ತಂದನು. ಪಿಂಚಣಿಗೂ ಹೆಬ್ಬೆಟ್ಟಿಗೂ ಇರುವ ನಂಟು ಅಷ್ಟು ಹಳೆಯದು. ಕಲ್ಕತ್ತೆಯಲ್ಲಿ ಪೊಲೀಸರ ಬೆರಳಚ್ಚು ವಿಭಾಗ ಹುಟ್ಟಿದ್ದು ಆಮೇಲೆ, 1897ರಲ್ಲಿ. ಸಾವಿರಾರು ಅಚ್ಚುಗಳನ್ನು ವಿಂಗಡಿಸುವ ಕ್ರಮವನ್ನು ರೂಪಿಸುವುದರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ನಮ್ಮವರಿಬ್ಬರು ದುಡಿದರು. ಕ್ರಮಕ್ಕೆ ಮಾತ್ರ ಮೇಲಧಿಕಾರಿ ಹೆನ್ರಿಯ ಹೆಸರು ಬಂತು. ಗುಮಾಸ್ತರ ಪಾಡು ಎಲ್ಲ ಕಾಲಕ್ಕೂ ಒಂದೇ!

ನಮ್ಮ ಅಜ್ಜಿಯಂದಿರು ಮಗುವಿನ ಬೆರಳ ತುದಿಯಲ್ಲಿ ಶಂಖ ಎಷ್ಟು, ಚಕ್ರ ಎಷ್ಟು ಎಂದು ಎಣಿಸುತ್ತಿದ್ದರು. ಆ ಗೆರೆಗಳು ತಾಯಿಯ ಗರ್ಭದಲ್ಲಿಯೇ ಮೂಡುತ್ತವೆ. ಅವಳಿ ಮಕ್ಕಳಲ್ಲಿಯೂ ಒಂದೇ ಬಗೆಯಾಗಿರುವುದಿಲ್ಲ. ಹರ್ಷೆಲನು ತನ್ನ ಬೆರಳಿನ ಅಚ್ಚನ್ನೇ ದಶಕಗಳ ಅಂತರದಲ್ಲಿ ತೆಗೆದು ನೋಡಿದನು. ಗೆರೆಗಳ ವಿನ್ಯಾಸ ಬದಲಾಗಿರಲಿಲ್ಲ. ಆದರೆ ವಿನ್ಯಾಸ ಬದಲಾಗದು ಎಂದರೆ ಅದು ಸವೆಯದು ಎಂದರ್ಥವಲ್ಲ. ಸುಣ್ಣ, ಸಿಮೆಂಟು, ಪಾತ್ರೆ ತೊಳೆಯುವ ಸೋಪು, ಕಲ್ಲು, ಕಬ್ಬಿಣ ಇವೆಲ್ಲ ಗೆರೆಯನ್ನು ತಿನ್ನುತ್ತವೆ. ವಯಸ್ಸಾದಂತೆ ಚರ್ಮ ಒಣಗಿ ಅಚ್ಚು ಮಸುಕಾಗುತ್ತದೆ. ಲೇಖನಿ ಹಿಡಿದ ನನ್ನಂಥವನ ಬೆರಳನ್ನು ಯಂತ್ರ ಕೂಡಲೆ ಗುರುತಿಸುತ್ತದೆ. ದುಡಿದು ದುಡಿದು ಸವೆದ ಬೆರಳನ್ನು ಮಾತ್ರ ಅದು ಅರಿಯದು. ಇದು ಎಂಥ ನ್ಯಾಯ?

ಇದು ಬರಿಯ ತರ್ಕದ ಮಾತಲ್ಲ. ನವೆಂಬರ್ ನಮಗೆ ರಾಜ್ಯೋತ್ಸವದ ತಿಂಗಳು. ಸರಕಾರಿ ಪಿಂಚಣಿದಾರರಿಗೆ ಅದು ತಾವು ಬದುಕಿದ್ದೇವೆಂದು ರುಜುವಾತು ಮಾಡುವ ತಿಂಗಳು ಕೂಡ. 2014ರ ನವೆಂಬರಿನಲ್ಲಿ ‘ಜೀವನ್ ಪ್ರಮಾಣ್’ ಬಂದ ಮೇಲೆ ಬೆರಳೊತ್ತಿ ಈ ಕೆಲಸ ಮುಗಿಸಬಹುದಾಯಿತು. ಅನೇಕರಿಗೆ ಅದರಿಂದ ಅನುಕೂಲವೇ ಆಗಿದೆ. ಆದರೆ ಒಮ್ಮೆ ನಮ್ಮ ಶಾಖೆಗೆ ಕಲಬುರಗಿಯ ಕಡೆಯ ಹಿರಿಯರೊಬ್ಬರು ಬಂದರು. ರೈಲುಹಳಿಯ ಮೇಲೆ ಗ್ಯಾಂಗ್‌ಮನ್ ಆಗಿ ದುಡಿದವರು. ಯಾವುದೋ ಅಂಗಡಿಯ ಯಂತ್ರದ ಮುಂದೆ ಮೂರು ದಿನ ಬೆರಳೊತ್ತಿ ಸೋತಿದ್ದರು. ‘ತಮ್ಮಾ, ನಾ ಇಲ್ಲೇ ನಿಂತೀನಿ, ಆ ಮಷೀನ್ ಮಾತ್ರ ನಾ ಇಲ್ಲಂತದ’ ಎಂದರು. ನಮ್ಮ ಅಧಿಕಾರಿಗಳು ಅವರನ್ನು ಕೂರಿಸಿ, ಕಾಗದದ ನಮೂನೆ ತುಂಬಿಸಿ, ಪಿಂಚಣಿಯ ಆದೇಶ ಸಂಖ್ಯೆ ನೋಡಿ ಸಹಿ ಮಾಡಿದರು. ಹತ್ತು ನಿಮಿಷದ ಕೆಲಸ. ಹೀಗೊಂದು ದಾರಿ ಇದೆಯೆಂದು ಮೂರು ದಿನದಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ!

ಆದ್ದರಿಂದ ನಮ್ಮ ಹಕ್ಕುಗಳನ್ನು ನಾವು ತಿಳಿದಿರಬೇಕು. ಬರೆಯಲು ಬಾರದವನ ಗುರುತೂ ಸಹಿಯೇ ಎಂದು 1897ರ ಜನರಲ್ ಕ್ಲಾಸಸ್ ಕಾಯಿದೆ ಹೇಳುತ್ತದೆ. ಕಾಯಿಲೆಯಿಂದ ಸಹಿ ಮಾಡಲಾರದ ಖಾತೆದಾರರು ಹೆಬ್ಬೆಟ್ಟು ಇಲ್ಲವೆ ಕಾಲ್ಬೆರಳಿನ ಅಚ್ಚು ಒತ್ತಿ ಹಣ ತೆಗೆಯಬಹುದೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಅದಕ್ಕೆ ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳು ಬೇಕು. ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರ ಅಧಿಕಾರಿಯಾಗಿರಬೇಕು. ಜೀವಂತ ಪ್ರಮಾಣಪತ್ರವನ್ನು ಪಿಂಚಣಿ ಕೊಡುವ ಬ್ಯಾಂಕಿನ ಯಾವ ಶಾಖೆಯಲ್ಲಿಯಾದರೂ ಕೊಡಬಹುದು. ಕೊಟ್ಟುದಕ್ಕೆ ರಸೀದಿ ಕೇಳಿ ಪಡೆಯಿರಿ. 2021ರಿಂದ ಮುಖದ ಗುರುತಿನಿಂದಲೂ ಈ ಪ್ರಮಾಣಪತ್ರ ಮಾಡಿಸಬಹುದಾಗಿದೆ.

ಆಧಾರಿನ ಕಥೆಯಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ಮೊದಲ ಆಧಾರ್ ಸಂಖ್ಯೆಯನ್ನು ಕೊಟ್ಟದ್ದು 2010ರ ಸೆಪ್ಟೆಂಬರ್ 29ರಂದು, ನಾವಿರುವ ಇದೇ ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ತೆಂಭಲಿಯಲ್ಲಿ. ಆಗ ಪ್ರಾಧಿಕಾರದ ಅಧ್ಯಕ್ಷರು ಬೆಂಗಳೂರಿನ ನಂದನ್ ನಿಲೇಕಣಿ. ಎರಡು ವರ್ಷದ ಮೇಲೆ ಆ ಯೋಜನೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಆಗ ಅವರಿಗೆ ಎಂಬತ್ತು ದಾಟಿತ್ತು. ಅವರ ವ್ಯಾಜ್ಯದಲ್ಲಿಯೇ 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಲಾಯಿತು. 2018ರ ತೀರ್ಪು ಯೋಜನೆಯನ್ನು ಎತ್ತಿಹಿಡಿಯಿತು. ಆದರೆ ಬ್ಯಾಂಕ್ ಖಾತೆಗೂ ಮೊಬೈಲಿಗೂ ಆಧಾರನ್ನು ಕಡ್ಡಾಯ ಮಾಡುವುದನ್ನು ತಳ್ಳಿಹಾಕಿತು. ಬೆರಳು ಹೊಂದಲಿಲ್ಲವೆಂದು ಅರ್ಹರಿಗೆ ಸಲ್ಲಬೇಕಾದುದು ತಪ್ಪಬಾರದೆಂದೂ ಹೇಳಿತು. ಕಟ್ಟಿದವರೂ ಎಲ್ಲೆ ಕೇಳಿದವರೂ ನಮ್ಮವರೆಂಬುದು ಹೆಮ್ಮೆಯ ಸಂಗತಿಯಲ್ಲವೆ?

ಇನ್ನೊಂದು ಎಚ್ಚರಿಕೆ. ಚೆಕ್ಕಿನ ಪುಸ್ತಕ ಕಳೆದರೆ ಹೊಸದು ಕೊಡುತ್ತೇವೆ. ಬೆರಳಚ್ಚು ಕಳವಾದರೆ ಹೊಸ ಬೆರಳು ಕೊಡುವ ಬ್ಯಾಂಕು ಎಲ್ಲಿಯೂ ಇಲ್ಲ. ನೋಂದಣಿ ಪತ್ರಗಳಿಂದ ಹೆಬ್ಬೆಟ್ಟಿನ ಅಚ್ಚು ಕದ್ದು, ನಕಲು ಮಾಡಿ, ಆಧಾರ್ ಮೂಲಕ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂದವು. ಊರಿನಲ್ಲಿ ಹೊಲಮನೆ ಉಳ್ಳವರು ನಮ್ಮಲ್ಲಿ ಬಹಳ ಮಂದಿ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿಯೋ ಆ್ಯಪಿನಲ್ಲಿಯೋ ಬೆರಳಿನ ಗುರುತಿಗೆ ಬೀಗ ಹಾಕಿಡಬಹುದು, ಬೇಕಾದಾಗ ತೆರೆಯಬಹುದು. ಹಾಗೆಂದ ಮೇಲೆ ಈ ಸಂಜೆಯೇ ಮನೆಯ ಮಕ್ಕಳಿಂದ ಈ ಕೆಲಸ ಮಾಡಿಸಿರಿ. ಹಣ ಹೋದುದು ಕಂಡರೆ ತಡಮಾಡದೆ ಬ್ಯಾಂಕಿಗೂ 1930ಕ್ಕೂ ತಿಳಿಸಿರಿ.

ಕೊನೆಗೆ ಸಂಘದ ಮುಂದೆ ಒಂದು ಅರಿಕೆ. ಹಿಂದೆ ನಮ್ಮ ಹಿರಿಯರು ರಾತ್ರಿಶಾಲೆ ನಡೆಸಿ ಹೆಬ್ಬೆಟ್ಟಿನವರಿಗೆ ಸಹಿ ಕಲಿಸಿದರು. ಇಂದು ನಮ್ಮ ಪಾಲಿಗೆ ಬಂದಿರುವ ಕೆಲಸ ಅದಕ್ಕಿಂತ ಹಗುರವಾದದ್ದು. ಪ್ರತಿ ನವೆಂಬರಿನ ಒಂದು ಭಾನುವಾರ ಮೊಬೈಲು ಬಲ್ಲ ನಾಲ್ಕು ಮಂದಿ ತರುಣರು ಇಲ್ಲಿ ಕುಳಿತರೆ, ಡೊಂಬಿವಲಿಯಿಂದಲೋ ಮುಲುಂಡಿನಿಂದಲೋ ಬರುವ ಹಿರಿಯರ ಪ್ರಮಾಣಪತ್ರಗಳು ಮುಗಿಯುತ್ತವೆ. ಕಾಗದದ ನಮೂನೆ ತುಂಬಲು ನಾನು ಬರುತ್ತೇನೆ. ದುಡಿದ ಕೈಯನ್ನು ಯಂತ್ರ ಅರಿಯದಿದ್ದರೂ, ಅದರ ಒಡೆಯ ಯಾರೆಂದು ಹೇಳಲು ನಾವಿದ್ದೇವೆ.