ಹಾರುವವರ ಅಳತೆಪಟ್ಟಿ



ಶಲವಡಿಯ ಈ ಪ್ರದರ್ಶನದ ರಿಬ್ಬನ್ ಕತ್ತರಿಸುವ ಮೊದಲೇ ಒಳಗೆ ಒಂದು ಸುತ್ತು ಹಾಕಿ ಬಂದೆ. ರಟ್ಟಿನ ವಿಮಾನಗಳ ಪಕ್ಕ ಒಂಬತ್ತನೇ ತರಗತಿಯ ಹುಡುಗಿಯರು ಒಂದು ಪಟ್ಟಿ ತೂಗುಹಾಕಿದ್ದಾರೆ: ವಿಮಾನ ಉದ್ಯಮದಲ್ಲಿ ಯಾವ ದೇಶ ಮುಂದು? ಯಾರ ಹತ್ತಿರ ವಿಮಾನ ಹೆಚ್ಚೋ ಅವರಿಗೆ ಹೆಚ್ಚು ಅಂಕ. ಆ ಪಟ್ಟಿಯ ಮುಂದೆ ಬಹಳ ಹೊತ್ತು ನಿಂತೆ.

ನಿಮ್ಮೂರಲ್ಲಿ ಎರೆಹೊಲಕ್ಕೆ ಬೆಲೆ ಕಟ್ಟುವವರು ಒಂದು ವರ್ಷದ ಕಡಲೆ ಫಸಲಷ್ಟೇ ನೋಡುತ್ತಾರೇನು? ಮಣ್ಣಿನ ಕಸುವು ಹೇಗಿದೆ, ಹಸಿ ಎಷ್ಟು ದಿನ ಹಿಡಿಯುತ್ತದೆ, ಬೀಜ ಮನೆಯದೋ ಅಂಗಡಿಯದೋ, ಸಾಲ ಎಷ್ಟಿದೆ, ಎಲ್ಲ ಕೇಳುತ್ತಾರೆ. ವಿಮಾನ ಉದ್ಯಮವನ್ನೂ ಹಾಗೇ ಕೇಳಬೇಕು.

2023ರಲ್ಲಿ ಇಂಡಿಗೋ 500, ಏರ್ ಇಂಡಿಯಾ 470 ವಿಮಾನಗಳಿಗೆ ಆರ್ಡರ್ ಕೊಟ್ಟವು. ಕೇಳಿದರೆ ಎದೆ ಉಬ್ಬುತ್ತದೆ. ಆದರೆ ಅವೆಲ್ಲ ಏರ್‌ಬಸ್, ಬೋಯಿಂಗ್ ಕಟ್ಟುವ ವಿಮಾನಗಳು, ಬೀಜ ಅಂಗಡಿಯದು. ಹಾಗೆಂದು ಮನೆಬೀಜ ಇಲ್ಲವೆಂದಲ್ಲ. ಬೆಂಗಳೂರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ವಿಮಾನ ಕಾರ್ಖಾನೆ ಹಾಕಿದ್ದು 1940ರಲ್ಲಿ. ಅಲ್ಲಿಂದ 1951ರಲ್ಲಿ ಎಚ್‌ಟಿ-2 ತರಬೇತಿ ವಿಮಾನ ಹಾರಿತು, 1961ರಲ್ಲಿ ಮಾರುತ್ ಯುದ್ಧವಿಮಾನ, 2001ರಲ್ಲಿ ತೇಜಸ್ ಯುದ್ಧವಿಮಾನ. ಆದರೂ ತೇಜಸ್‌ನ ಎಂಜಿನ್ ಇಂದಿಗೂ ಅಮೆರಿಕದಿಂದ ಬರಬೇಕು. ಅದು ತಡವಾದರೆ ಇಲ್ಲಿನ ಕೆಲಸವೂ ತಡ.

ನನ್ನ ಕೈಯಲ್ಲಿರುವ ಈ ವಿಮಾನದ ಭಾಗ ನೋಡಿ. ಅಂಗೈಯಗಲದ ಅಲ್ಯೂಮಿನಿಯಂ ಬ್ರ್ಯಾಕೆಟ್, ಒಂದು ಈರುಳ್ಳಿಯ ತೂಕವೂ ಇಲ್ಲ. ಇಪ್ಪತ್ತೆಂಟು ವರ್ಷ ಮಿಲ್ಲಿಂಗ್ ಯಂತ್ರದ ಮುಂದೆ ನಿಂತವನು ನಾನು. ಇಂಥ ಕೆಲವು ಭಾಗ ಮಾಡುವಾಗ ಹತ್ತು ಕಿಲೋ ಗಟ್ಟಿಯಲ್ಲಿ ಒಂಬತ್ತು ಕಿಲೋ ಬೆಳ್ಳಿಯಂಥ ಸುರುಳಿಯಾಗಿ ಕಾಲಬುಡಕ್ಕೆ ಬೀಳುತ್ತದೆ. ಆ ಸುರುಳಿ ಕರಗಿ ಮತ್ತೆ ಲೋಹವಾಯಿತೋ, ತಿಪ್ಪೆ ಸೇರಿತೋ, ಅದಕ್ಕೂ ಅಂಕ ಇರಬೇಕು. ಬೆಳಗಾವಿ ಹತ್ತಿರದ ಹತ್ತರಗಿಯಲ್ಲಿ ಇವತ್ತು ಏರ್‌ಬಸ್‌ಗೆ ಬೇಕಾದ ಭಾಗಗಳು ತಯಾರಾಗುತ್ತಿವೆ. ಅಲ್ಲಿನ ಯಂತ್ರದ ಮುಂದೆ ನಿಮ್ಮಲ್ಲೊಬ್ಬರು ನಿಲ್ಲಬೇಕೆಂದು ನನಗೆ ಬಹಳ ಆಸೆ.

ಇನ್ನು ಬಾಳಿಕೆಯ ಮಾತು, ಅದಕ್ಕೂ ಅಂಕ ಬೇಕು. 2003ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಸೇವೆ ಶುರುವಾದದ್ದು ಬೆಂಗಳೂರಿನಿಂದ ನಮ್ಮ ಹುಬ್ಬಳ್ಳಿಗೆ. ಬಸ್ಸು, ರೈಲು ಬಿಟ್ಟು ಬೇರೆ ಕಾಣದವರು ವಿಮಾನ ಹತ್ತಿದರು. ಅದು ದೊಡ್ಡ ಸಾಧನೆ, ಮನಸಾರೆ ಹೇಳುತ್ತೇನೆ. ಆದರೆ ಕೆಲವೇ ವರ್ಷಗಳಲ್ಲಿ ಏರ್ ಡೆಕ್ಕನ್ ಕಿಂಗ್‌ಫಿಷರ್‌ನಲ್ಲಿ ಸೇರಿಹೋಯಿತು; 2012ರಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು.

ವಿಮಾನದ ಹೊಗೆಯ ಲೆಕ್ಕ ನಿಮಗೆ ಇನ್ನೂ ಹತ್ತಿರದ್ದು. ಆ ಹೊಗೆ ತಗ್ಗಿಸಲು ಅಂತರರಾಷ್ಟ್ರೀಯ ವಿಮಾನಗಳ ಇಂಧನದಲ್ಲಿ 2027ಕ್ಕೆ ಶೇ. 1, 2030ಕ್ಕೆ ಶೇ. 5ರಷ್ಟು ಹಸಿರು ಇಂಧನ ಬೆರೆಸುವ ಗುರಿ ದೇಶದ ಮುಂದಿದೆ. ಎಥೆನಾಲ್‌ನಿಂದಲೂ ಅದನ್ನು ಮಾಡಬಹುದು. ಎಥೆನಾಲ್ ಕಬ್ಬಿನಿಂದ, ಗೋವಿನಜೋಳದಿಂದ ಬರುತ್ತದೆ, ಆ ಬೆಳೆಗೆ ನೀರು ಬೇಕು. ಮಹದಾಯಿ ನದಿಯ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತ ಸೀಮೆ ಇದು. ಒಂದು ಲೀಟರ್ ವಿಮಾನ ಇಂಧನಕ್ಕೆ ಎಷ್ಟು ನೀರು ಹೋಗುತ್ತದೆ ಎಂದು ಕೇಳುವ ಹಕ್ಕು ನಿಮಗಿಂತ ಹೆಚ್ಚು ಯಾರಿಗಿದೆ? ಬೆಳೆಯ ಉಳಿಕೆಯಿಂದಲೂ ಇಂಧನ ತೆಗೆಯಬಹುದು. ಅದರಲ್ಲಿ ಕಣಕಿ ದನಕ್ಕೆ ಬೇಕು, ಸರಿ. ಬದುವಿನಲ್ಲಿ ಸುಟ್ಟುಹಾಕುವ ಹತ್ತಿಕಟ್ಟಿಗೆಯಿಂದ ಇಂಧನ ತೆಗೆಯುವ ದಾರಿ ಮೊದಲು ನೋಡಲಿ.

ಪಟ್ಟಿ ಬರೆದ ಹುಡುಗಿಯರೇ, ಅದನ್ನು ಇಳಿಸಬೇಡಿ. ಬಲಗಡೆ ಜಾಗ ಉಳಿದಿದೆ. ಎಂಜಿನ್ ಯಾರದು, ನೀರೆಷ್ಟು ಎಂದು ಎರಡು ಕಾಲಂ ಹಾಕಿ. ಈ ಬ್ರ್ಯಾಕೆಟ್ ನಿಮ್ಮ ಮೇಜಿನ ಮೇಲೆ ಇಡುತ್ತೇನೆ, ಬಂದವರೆಲ್ಲ ಕೈಯಲ್ಲಿ ಹಿಡಿದು ನೋಡಲಿ. ಕತ್ತರಿ ಕೊಡಿ, ಒಳಗೆ ಹೋಗೋಣ.