ಊಟವಾದ ಮೇಲೆ ಒಂದು ಸುತ್ತು

ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಉಸಿರು ತುಸು ಚುರುಕಾಗುವಂತೆ ಮೈ ದುಡಿಯಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದು ದಿನಕ್ಕೆ ಹಂಚಿದರೆ ದಿನಕ್ಕೆ ಅರ್ಧ ಗಂಟೆ. ಅದನ್ನು ಹತ್ತತ್ತು ನಿಮಿಷವಾಗಿಯೂ ಮಾಡಬಹುದು.

ವಿಜಯನಗರದಿಂದ ಕೆಂಗೇರಿಯವರೆಗೆ ಮೆಟ್ರೊದಲ್ಲಿ ಓಡಾಡುವವರೇ, ಮಂಡಿ ಗಟ್ಟಿಯಿದ್ದರೆ ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿ. ರಾಜಾಜಿನಗರ, ಬಸವೇಶ್ವರನಗರದ ಹಿರಿಯರೇ, ರಾತ್ರಿ ಊಟವಾದ ಮೇಲೆ ಬೀದಿಯಲ್ಲಿ ನಿಧಾನವಾಗಿ ಒಂದು ಸುತ್ತು ನಡೆಯಿರಿ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಊಟದ ನಂತರ ಸಕ್ಕರೆ ಒಮ್ಮೆಲೇ ಏರುವುದು ಇದರಿಂದ ತಗ್ಗುತ್ತದೆ.

ಇನ್ನು ತಟ್ಟೆಯ ಮಾತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಆದರೂ ಸಕ್ಕರೆ ಒಮ್ಮೆಲೇ ಏರದಂತೆ ಮುದ್ದೆ ಚಿಕ್ಕದಿರಲಿ, ಸೊಪ್ಪು, ಕಾಳು ಹೆಚ್ಚಿರಲಿ. ದಿನದ ಉಪ್ಪು 5 ಗ್ರಾಂ ಒಳಗಿರಲಿ, ಅಂದರೆ ಒಂದು ಟೀ ಚಮಚ ಮಾತ್ರ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಅದೇ ಲೆಕ್ಕಕ್ಕೆ ಸೇರುತ್ತದೆ.

ಹೃದಯದ ತೊಂದರೆ ಇರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ನಡಿಗೆ ಶುರುಮಾಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಇವತ್ತು ಸಂಜೆ ನೀವೇ ಅವರನ್ನು ಕರೆದುಕೊಂಡು ಹೊರಡಿ. ಜೊತೆಗಾರರಿದ್ದರೆ ನಡಿಗೆ ನಾಳೆಗೂ ಉಳಿಯುತ್ತದೆ.